ಜಿಪ್ಸಿಗೆ ಗ್ಯಾಸ್ ಆಯಿತು

ಗುಡ್ಡ ಹತ್ತುವ ಗಾಡಿಗೆ ಗ್ಯಾಸಿಗಿಂತ ಒಳ್ಳೆ ಇಂಧನ ಇಲ್ಲ ಅಂತ ನಮ್ಮ ಭಾವ ಹೇಳುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಇಂಜಿನ್ನಿಗೂ ಒಪ್ಪಿಗೆಯಾಗಿದೆ. ತಕರಾರು ಇರುವುದು ಬೆಳಗಾವಿಯ ಉಳಿದ ಜನರದ್ದು.

ಭಾವನವರದು 1.3 ಲೀಟರಿನ ಹಳೆ ಮಾರುತಿ ಜಿಪ್ಸಿ, ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಕಾರ್ಬ್ಯುರೇಟರ್ ಇರುವ ಕಾಲದ್ದು. ರಾಜಹಂಸಗಡದ ಕಡೆ ಕಲ್ಲುದಾರಿಯಲ್ಲಿ ಗಾಡಿಯ ಮೂಗು ಮೇಲಾದರೆ ಸಾಕು, ಕಾರ್ಬ್ಯುರೇಟರಿನ ಬಟ್ಟಲಲ್ಲಿದ್ದ ಪೆಟ್ರೋಲ್ ಒಂದು ಕಡೆ ವಾಲಿ ಇಂಜಿನ್ ಕೆಮ್ಮಿ ನಿಲ್ಲುತ್ತಿತ್ತು. ಅದು ಸಾಲದು ಅಂತ ಭಾವ ಉದ್ಯಮಬಾಗದಲ್ಲಿ ಹೆಡ್ ಫೇಸಿಂಗ್, ಅಂದರೆ ಇಂಜಿನ್ನಿನ ತಲೆಯ ಅಡಿಭಾಗ ಸ್ವಲ್ಪ ಉಜ್ಜಿಸಿ, ಕಂಪ್ರೆಶನ್ ಏರಿಸಿದರು. ಪವರ್ ಬಂತು, ಹಿಂದೆಯೇ ನಾಕಿಂಗೂ ಬಂತು. ಏರು ಸಿಕ್ಕರೆ ಬಾನೆಟ್ ಒಳಗೆ ಟಕಟಕ. ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಗುಣ, ಬಂಕಿನ ಮಾಮೂಲಿ ಪೆಟ್ರೋಲಿಗೆ ಆಗ 91, ಗ್ಯಾಸಿನಲ್ಲಿರುವ ಪ್ರೊಪೇನಿಗೆ 100ರ ಮೇಲೆ ಅಂತ ಅವರಿಗೆ ಗೊತ್ತಾದ ರಾತ್ರಿ ಅಕ್ಕನ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ.

"ಗ್ಯಾಸಿಗೆ ಬಟ್ಟಲಾ ಬೇಕಿಲ್ಲ ನೋಡಪಾ. ಗಾಡಿ ಉಲ್ಟಾ ಆದ್ರೂ ಇಂಜಿನ್ ಓಡತೈತಿ."

"ಉಲ್ಟಾ ಆದ ಮ್ಯಾಲೆ ಓಡಿ ಏನ್ಮಾಡೋದೈತ್ರೀ ಭಾವಾ?"

ಉತ್ತರ ಬರಲಿಲ್ಲ. ಕಾಕಾ ಮಾತ್ರ ಹುರುಪಾದರು. ಹಿಂದಿನ ಕಾಲದ ಓಮ್ನಿಗಳ ಹಾಗೆ ಅಡುಗೆ ಸಿಲಿಂಡರ್ ಒಂದನ್ನು ಹಿಂದೆ ಮಲಗಿಸಿದರೆ ಕೆಲಸ ಮುಗೀತು ಅನ್ನೋದು ಅವರ ಲೆಕ್ಕ. ಗಾಡಿಗೆ ಎಲ್‌ಪಿಜಿ ಹಾಕಲು ಕಾನೂನಿನ ಒಪ್ಪಿಗೆ ಸಿಕ್ಕಿದ್ದೇ 2000ದಲ್ಲಿ. ಅಡುಗೆಮನೆಯ 14.2 ಕೆಜಿ ಸಿಲಿಂಡರಿಗೆ ಆಗಲೂ ಒಪ್ಪಿಗೆ ಇರಲಿಲ್ಲ, ಈಗಲೂ ಇಲ್ಲ. ಅಕ್ಕ ಆ ಮಾತು ಕೇಳಿದವಳೇ ಎದ್ದು ಹೋಗಿ ಸಿಲಿಂಡರ್ ಕಟ್ಟೆಗೆ ಬೀಗ ಹಾಕಿದಳು.

ಕಡೆಗೆ ಸರಿಯಾದ ಕಿಟ್ಟು, ಸರಿಯಾದ ಟ್ಯಾಂಕು ಕೂತವು. ಆರ್‌ಸಿ ಬುಕ್ಕಿನಲ್ಲೂ ಬರೆಸಿದ್ದಾಯಿತು. ಬಂಕಿನಲ್ಲಿ ಸಿಗೋದು ಪ್ರೊಪೇನ್, ಬ್ಯುಟೇನ್ ಕಲಸಿದ ಆಟೋ ಗ್ಯಾಸ್. ಭಾವ ಮಾತ್ರ ಅದನ್ನು ಪ್ರೊಪೇನ್ ಅಂತಲೇ ಕರೆಯುತ್ತಾರೆ. ಸುಮ್ನೆ ಇರಲಿ ಬಿಡಿ.

ಮೊದಲ ದಿನವೇ ವಾಸನೆ. ಈ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಅಂತ ಬೇಕಂತಲೇ ಆ ಕೆಟ್ಟ ನಾತ ಬೆರೆಸಿರುತ್ತಾರೆ. ಅಕ್ಕ ಹಂಚಿನ ಮೇಲಿದ್ದ ರೊಟ್ಟಿ ಬಿಟ್ಟು ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ತೆಗೆದು, ಏಜೆನ್ಸಿಗೆ ಫೋನ್ ಮಾಡಿದಳು. ಬಂದ ಹುಡುಗ ಒಲೆ ನೋಡಿದ, ಪೈಪ್ ನೋಡಿದ, ಮೂಗೆಳೆಯುತ್ತಾ ಅಂಗಳಕ್ಕೆ ಹೋಗಿ ಜಿಪ್ಸಿ ಮುಂದೆ ನಿಂತ. "ಅಕ್ಕಾರ, ನಿಮ್ಮ ಒಲಿ ಇಲ್ಲೈತ್ರಿ." ಒಂದು ನಟ್ಟು ಸಡಿಲ ಇತ್ತು, ಅಷ್ಟೇ. ಆದರೂ ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಹಾಗಾಗಿ ಜಿಪ್ಸಿಗೆ ಶೆಡ್ಡು ತಪ್ಪಿ ಬಯಲು ಗತಿಯಾಯಿತು.

ಆಮೇಲೆ ಬ್ಯಾಕ್‌ಫೈರ್. ಪ್ಲಗ್ ವೈರ್ ಹಳೆಯದಿತ್ತು. ಬೆಳಿಗ್ಗೆ ಆರಕ್ಕೆ ಢಬ್ ಅಂತ ಏರ್ ಫಿಲ್ಟರ್ ಮುಚ್ಚಳ ಹಾರಿತು. ಗಣಪತಿ ಮೆರವಣಿಗೆ ದಿನವಾಗಿದ್ದರೆ ಬೆಳಗಾವಿಯಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ.

ನಿಜವಾದ ಮಜಾ ಇದ್ದದ್ದು ಗುಡ್ಡದಲ್ಲಿ. ಮೇ ತಿಂಗಳ ಮಧ್ಯಾಹ್ನ. ಪೆಟ್ರೋಲ್ ಇದ್ದಾಗ ನಿಲ್ಲುತ್ತಿದ್ದ ಏರನ್ನು ಗಾಡಿ ಗುನುಗುತ್ತಾ ಹತ್ತಿತು. ಟಕಟಕ ಇಲ್ಲ, ಕೆಮ್ಮಿಲ್ಲ. ಭಾವ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಹುಬ್ಬು ಕೆಳಗೆ ಇಳಿಯೋದರೊಳಗೆ ಇಂಜಿನ್ ಬಂದ್. ಬಾನೆಟ್ ಎತ್ತಿದರೆ ದ್ರವ ಗ್ಯಾಸನ್ನು ಆವಿ ಮಾಡುವ ವೇಪರೈಸರ್ ಮೇಲೆ ಬೆಳ್ಳಗೆ ಬೆರಳು ದಪ್ಪದ ಐಸು! ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುವ ವಸ್ತು. ಆವಿಯಾಗುವಾಗ ಸುತ್ತಲಿನ ಬಿಸಿಯನ್ನೆಲ್ಲ ಹೀರುತ್ತದೆ. ಅದಕ್ಕೇ ಇಂಜಿನ್ನಿನ ಬಿಸಿನೀರನ್ನು ಪೈಪಿನಲ್ಲಿ ವೇಪರೈಸರ್ ಒಳಗೆ ಹರಿಸಿರುತ್ತಾರೆ. ಆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡು ಏರ್ ಲಾಕ್ ಆಗಿ ನೀರು ಅತ್ತ ಸುಳಿದೇ ಇರಲಿಲ್ಲ.

ಕುರಿ ಬಿಟ್ಟುಕೊಂಡು ಬಂದ ಅಜ್ಜ ಬಗ್ಗಿ ನೋಡಿ, ಬೆರಳಿನಿಂದ ಐಸು ಕೆರೆದು, ಬಾಯಿಗೆ ಹಾಕಿಕೊಳ್ಳಲೋ ಬೇಡವೋ ಅಂತ ಯೋಚಿಸಿದ. "ಬಿಸಿಲಾಗ ಐಸ್ ಮಾಡತೈತಲ್ಲೋ ತಮ್ಮಾ! ನನ್ನ ಮಜ್ಜಿಗಿ ಬಾಟ್ಲಿ ಸ್ವಲ್ಪ ತಂಪ ಮಾಡಿ ಕೊಡು." ಭಾವ ಒಂದೂ ಮಾತಾಡದೆ ಬಾಟಲಿ ತಗೊಂಡು ವೇಪರೈಸರಿಗೆ ಒರಗಿಸಿ ಇಟ್ಟರು. ಇಂಜಿನ್ ಸ್ವಲ್ಪ ಆರಿದ ಮೇಲೆ ಪೈಪ್ ಸಡಿಲಿಸಿ ಗಾಳಿ ಬಿಟ್ಟು, ನೀರು ತುಂಬಿ ಸ್ಟಾರ್ಟ್ ಮಾಡಿದೆವು. ಗಾಡಿ ಸಲೀಸಾಗಿ ಹೊರಟಿತು. ಮಜ್ಜಿಗೆ ಒಳ್ಳೇ ತಂಪಾಗಿತ್ತು, ನಮಗೂ ಒಂದೊಂದು ಗುಟುಕು ಸಿಕ್ಕಿತು.

ವಾಪಸ್ ಬರುವಾಗ ಬಂಕಿನಲ್ಲಿ ಜಗಳ. "ಫುಲ್ ಮಾಡಂದ್ರ ಅರ್ಧಕ್ಕ ನಿಲ್ಲಸ್ತೀಯಲ್ಲೋ!" ಹುಡುಗ ಪಾಪ ವಿವರಿಸಿದ. ಬಿಸಿಲಿಗೆ ಗ್ಯಾಸ್ ಉಬ್ಬುತ್ತದೆ, ಟ್ಯಾಂಕಿನಲ್ಲಿ ಎಂಬತ್ತು ಪರ್ಸೆಂಟ್ ಆದ ಕೂಡಲೇ ವಾಲ್ವ್ ತಾನೇ ಮುಚ್ಚಿಕೊಳ್ಳುತ್ತದೆ. ಭಾವನಿಗೆ ಈ ವಿದ್ಯೆ ಎಷ್ಟು ಹಿಡಿಸಿತು ಅಂದರೆ ಮನೆಗೆ ಬಂದು ಅಕ್ಕನಿಗೂ ಪೂರ್ತಿ ಪಾಠ ಮಾಡಿದರು.

ಅವತ್ತು ರಾತ್ರಿ ಹೋಳಿಗೆ. ಭಾವ ಇನ್ನೊಂದಕ್ಕೆ ಕೈ ಚಾಚಿದರು. ಅಕ್ಕ ಡಬ್ಬಿ ಮುಚ್ಚಿದಳು. "ಎಂಬತ್ತು ಪರ್ಸೆಂಟ್ ಆತ್ರಿ. ಉಬ್ಬಾಕ ಜಾಗಾ ಬಿಡ್ರಿ."