ಡಿಗ್ರಿ ಮುಗಿಯೋ ತನಕ ಕಾಯ್ಬೇಡಿ, ಈಗ್ಲೇ ಒಂದು ಮಗು ಪಕ್ಕ ಹೋಗಿ ಕೂತ್ಕೊಳ್ಳಿ

ಎರಡು ತಿಂಗಳ ಹಿಂದೆ ನನ್ನ ಹಳೇ ಸ್ಟೂಡೆಂಟ್ ಒಬ್ಳು ಮೆಸೇಜ್ ಮಾಡಿದ್ಲು. "ಮೇಡಂ, ಫೈನಲ್ ಇಯರ್ ಮುಗೀತಾ ಬಂತು, ನಂಗೆ ಪಾಠ ಮಾಡೋದಂದ್ರೆ ತುಂಬಾ ಇಷ್ಟ, ಎಜುಕೇಶನ್‌ನಲ್ಲಿ ಮಾಸ್ಟರ್ಸ್ ಮಾಡ್ಲಾ?" ಮ್ಯಾಥ್ಸ್ ಓದ್ತಿರೋ ಹುಡುಗಿ, ಮಾರ್ಕ್ಸೂ ಚೆನ್ನಾಗಿದೆ. ನಾನು ವಾಪಸ್ ಕೇಳಿದ್ದು ಒಂದೇ, ಇಲ್ಲೀವರೆಗೆ ಎಷ್ಟು ಗಂಟೆ ಪಾಠ ಮಾಡಿದೀಯಮ್ಮಾ ಅಂತ. ಸುಮಾರು ಹೊತ್ತು ಬಿಟ್ಟು ಉತ್ತರ ಬಂತು, "ಇಲ್ಲ ಮೇಡಂ, ಇನ್ನೂ ಮಾಡಿಲ್ಲ."

ಅವಳ ತಪ್ಪಲ್ಲ ಇದು. ಸೈಂಟಿಸ್ಟ್ ಆಗ್ತೀನಿ ಅನ್ನೋ ಡಿಗ್ರಿ ಹುಡುಗರಿಗೆ ಎರಡನೇ ವರ್ಷದಲ್ಲೇ ಯಾರಾದ್ರೂ ಹೇಳ್ತಾರೆ, ರಜೆಯಲ್ಲಿ ಒಂದು ಲ್ಯಾಬ್ ಸೇರ್ಕೋ, ಕೆಲಸ ಹೆಂಗಿರುತ್ತೆ ನೋಡು ಅಂತ. ಶಿಕ್ಷಣ ಕ್ಷೇತ್ರಕ್ಕೆ ಬರ್ತೀನಿ ಅನ್ನೋರಿಗೆ ಮಾತ್ರ ಯಾರೂ ಏನೂ ಹೇಳಲ್ಲ, ಯಾಕಂದ್ರೆ ಸ್ಕೂಲ್ ಅಂದ್ರೆ ಎಲ್ರಿಗೂ ಗೊತ್ತಿರೋದೇ ಅಲ್ವಾ ಅನ್ನೋ ಭಾವನೆ. ಡ್ಯಾನ್ ಲಾರ್ಟಿ ಅನ್ನೋ ಸಮಾಜಶಾಸ್ತ್ರಜ್ಞ 1975ರಲ್ಲೇ ಇದನ್ನ ಹಿಡಿದು ತೋರಿಸಿದ್ರು. ಹೈಸ್ಕೂಲ್ ಮುಗಿಸೋ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಹತ್ತತ್ರ 13,000 ಗಂಟೆ ಟೀಚರ್‌ಗಳ ಎದುರು ಕೂತಿರ್ತಾನೆ ಅಂತ ಅವರ ಲೆಕ್ಕ. ಆದ್ರೆ ನೋಡಿದ್ದೆಲ್ಲ ಬೆಂಚಿನ ಕಡೆಯಿಂದ. ಆ ಪ್ರಶ್ನೆನೇ ಯಾಕೆ ಕೇಳಿದ್ರು, ಯಾವ ಉದಾಹರಣೆ ಬೇಡ ಅಂತ ಬಿಟ್ರು, ಹಿಂದಿನ ಸಾಲಿನ ಹುಡುಗನ ಮುಖ ನೋಡಿ ಪಾಠನ ಎಲ್ಲಿ ತಿರುಗಿಸಿದ್ರು, ಇದ್ಯಾವುದೂ ಆ ಕಡೆಯಿಂದ ಕಾಣಲ್ಲ.

ನಂಗೂ ಕಂಡಿರ್ಲಿಲ್ಲ. ಡಿಗ್ರಿ ಎರಡನೇ ವರ್ಷದಲ್ಲಿ ವಾರಕ್ಕೆರಡು ದಿನ ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳ್ಕೊಡೋಕೆ ಹೋಗ್ತಿದ್ದೆ. ಒಬ್ಳು ಪುಟ್ಟ ಹುಡುಗಿ 1/4ಕ್ಕಿಂತ 1/8 ದೊಡ್ಡದು ಅಂದ್ಲು. ಅಲ್ಲಮ್ಮ, ಚಿಕ್ಕದು ಅಂದೆ. ನಾಲ್ಕಕ್ಕಿಂತ ಎಂಟು ದೊಡ್ಡದಲ್ವಾ ಅಕ್ಕಾ ಅಂದ್ಲು. ನಂಗೆ ಆಗ ಕ್ಯಾಲ್ಕುಲಸ್ ಬರ್ತಿತ್ತು, ಆದ್ರೆ ಆ ಮಗು ತಲೇಲಿ ಏನು ನಡೀತಿದೆ, ಅಲ್ಲಿಂದ ಅವಳನ್ನ ಎಲ್ಲಿಗೆ ಕರ್ಕೊಂಡು ಹೋಗ್ಬೇಕು ಅನ್ನೋದು ಗೊತ್ತಿರ್ಲಿಲ್ಲ. ಅವಳು ತಪ್ಪು ಮಾಡಿರ್ಲಿಲ್ಲ, ಪೂರ್ಣ ಸಂಖ್ಯೆಗಳಲ್ಲಿ ಇಷ್ಟು ವರ್ಷ ಸರಿಯಾಗೇ ನಡೆದಿದ್ದ ಒಂದು ನಿಯಮನ ಭಿನ್ನರಾಶಿಗೂ ತಂದಿದ್ಲು ಅಷ್ಟೇ. ಒಂದು ಕಾಗದದ ಪಟ್ಟಿ ತಗೊಂಡು ಮಡಚಿ, ಮತ್ತೆ ಮಡಚಿ, ಮಡಚಿದಷ್ಟೂ ತುಂಡು ಜಾಸ್ತಿ ಆಗುತ್ತೆ ಆದ್ರೆ ಒಂದೊಂದು ತುಂಡೂ ಸಣ್ಣದಾಗ್ತಾ ಹೋಗುತ್ತೆ ಅಂತ ಅವಳೇ ಕಂಡ್ಕೊಳ್ಳೋಕೆ ಎರಡು ಕ್ಲಾಸ್ ಬೇಕಾಯ್ತು. ಎಷ್ಟೋ ವರ್ಷ ಆದ್ಮೇಲೆ ಲೀ ಶುಲ್ಮನ್ ಅನ್ನೋ ಶಿಕ್ಷಣ ಮನಶ್ಶಾಸ್ತ್ರಜ್ಞ 1986ರಲ್ಲಿ ಇದಕ್ಕೊಂದು ಹೆಸರು ಕೊಟ್ಟಿದ್ರು ಅಂತ ತಿಳೀತು, ಪೆಡಗಾಜಿಕಲ್ ಕಂಟೆಂಟ್ ನಾಲೆಡ್ಜ್ ಅಂತ. ಅಂದ್ರೆ ವಿಷಯ ಗೊತ್ತಿರೋದು ಬೇರೆ, ಪಾಠ ಮಾಡೋ ರೀತಿ ಗೊತ್ತಿರೋದು ಬೇರೆ, ಈ ವಿಷಯದಲ್ಲಿ ಕಲಿಯೋರು ಎಲ್ಲಿ ಎಡವ್ತಾರೆ, ಯಾಕೆ ಎಡವ್ತಾರೆ ಅನ್ನೋ ತಿಳುವಳಿಕೆ ಇವೆರಡೂ ಅಲ್ಲದ ಮೂರನೇದು. ಓದಿ ಕಣ್ಣಲ್ಲಿ ನೀರು ಬಂತು ನಂಗೆ, ನಿಜವಾಗ್ಲೂ.

ಅದಕ್ಕೇ "ಬೇರೇನೂ ಸಿಗ್ಲಿಲ್ಲ ಅಂದ್ರೆ ಟೀಚರ್ ಆಗ್ಬಹುದು ಬಿಡು" ಅನ್ನೋ ಮಾತು ಕೇಳಿದ್ರೆ ಸಂಕಟ ಆಗುತ್ತೆ. ಫಿನ್ಲೆಂಡ್‌ನಲ್ಲಿ 1979ರಿಂದ ಪ್ರೈಮರಿ ಟೀಚರ್ ಆಗೋಕೂ ಮಾಸ್ಟರ್ಸ್ ಬೇಕು, ಅದರಲ್ಲಿ ಥೀಸಿಸ್ ಕೂಡ ಬರೀಬೇಕು, ಯಾಕಂದ್ರೆ ಟೀಚರ್ ತನ್ನ ಕ್ಲಾಸನ್ನೇ ಸಂಶೋಧಕರ ಕಣ್ಣಲ್ಲಿ ನೋಡೋದು ಕಲೀಬೇಕು ಅನ್ನೋದು ಅವರ ವಿಚಾರ. ಅಮೆರಿಕದ ಟೆಕ್ಸಸ್ ಯೂನಿವರ್ಸಿಟಿ, ಆಸ್ಟಿನ್‌ನಲ್ಲಿ 1997ರಲ್ಲಿ ಶುರುವಾದ ಯೂಟೀಚ್ ಅನ್ನೋ ಟೀಚರ್ ತರಬೇತಿ ಕಾರ್ಯಕ್ರಮದಲ್ಲಿ ಸೈನ್ಸ್, ಮ್ಯಾಥ್ಸ್ ಓದೋ ಹುಡುಗರನ್ನ ಮೊದಲನೇ ಕೋರ್ಸಲ್ಲೇ ನಿಜವಾದ ಸ್ಕೂಲಿಗೆ ಕಳಿಸ್ತಾರೆ. ಇಷ್ಟ ಆಗ್ಲಿಲ್ವಾ, ಏನೂ ಕಳ್ಕೊಳ್ಳದೆ ಹೊರಗೆ ಬರಬಹುದು. ಕೊಲರಾಡೋ ಯೂನಿವರ್ಸಿಟಿ, ಬೌಲ್ಡರ್‌ನ ಲರ್ನಿಂಗ್ ಅಸಿಸ್ಟೆಂಟ್ ಪದ್ಧತಿ ನಂಗೆ ಇನ್ನೂ ಇಷ್ಟ. ದೊಡ್ಡ ಕ್ಲಾಸ್‌ಗಳಲ್ಲಿ ಡಿಗ್ರಿ ವಿದ್ಯಾರ್ಥಿಗಳೇ ಸಣ್ಣ ಗುಂಪುಗಳ ಜೊತೆ ಕೂತು ಚರ್ಚೆ ನಡೆಸ್ತಾರೆ, ಪ್ರತಿ ವಾರ ಪ್ರೊಫೆಸರ್ ಜೊತೆ ತಯಾರಿ ಮಾಡ್ತಾರೆ, ಜೊತೆಗೇ ಕಲಿಕೆ ಬಗ್ಗೆ ಒಂದು ಕೋರ್ಸೂ ಓದ್ತಾರೆ. ನಿಮ್ಮ ಕಾಲೇಜಲ್ಲಿ ಇಂಥದ್ದು ಇಲ್ಲದಿದ್ರೆ ಒಬ್ಬ ಪ್ರೊಫೆಸರ್ ಹತ್ರ ಹೋಗಿ ಕೇಳಿ, ಜೂನಿಯರ್‌ಗಳ ಪ್ರಾಬ್ಲಂ ಕ್ಲಾಸ್ ನಾನು ತಗೋತೀನಿ ಅಂತ. ಬಹಳಷ್ಟು ಜನ ಬೇಡ ಅನ್ನಲ್ಲ.

ಇನ್ನು ಮಾಸ್ಟರ್ಸ್ ವಿಷ್ಯ. ಎಜುಕೇಶನ್ ಅಂದ್ರೆ ಕ್ಲಾಸ್‌ರೂಂ ಟೀಚಿಂಗ್ ಮಾತ್ರ ಅಲ್ಲ, ಪಠ್ಯಕ್ರಮ ರೂಪಿಸೋದು, ಪರೀಕ್ಷೆ ವಿನ್ಯಾಸ, ಸ್ಪೆಷಲ್ ಎಜುಕೇಶನ್, ಕೌನ್ಸೆಲಿಂಗ್, ಶಿಕ್ಷಣ ನೀತಿ, ಮ್ಯೂಸಿಯಂಗಳಲ್ಲಿ ಕಲಿಸೋ ಕೆಲಸ, ಎಲ್ಲಾ ಇದೆ. ಪರೀಕ್ಷೆ ವಿನ್ಯಾಸಕ್ಕೆ ಹೋಗೋರಿಗೆ ಸ್ಟ್ಯಾಟಿಸ್ಟಿಕ್ಸ್ ಬೇಕು, ಕೌನ್ಸೆಲಿಂಗ್‌ಗೆ ಸೈಕಾಲಜಿ. ಇದು ಎರಡನೇ ವರ್ಷದಲ್ಲಿ ಗೊತ್ತಾದ್ರೆ ಎಲೆಕ್ಟಿವ್ ತಗೋಬಹುದು, ಫೈನಲ್ ಇಯರ್‌ನಲ್ಲಿ ಗೊತ್ತಾದ್ರೆ ಒಂದು ವರ್ಷ ಹೋಗುತ್ತೆ. ಮುಂದೆ ಡಾಕ್ಟರೇಟ್ ಮಾಡೋರು ಪಿಎಚ್‌ಡಿ ಹೆಚ್ಚಾಗಿ ಸಂಶೋಧನೆ ಕಡೆ, ಇಡಿಡಿ (ಡಾಕ್ಟರ್ ಆಫ್ ಎಜುಕೇಶನ್) ಹೆಚ್ಚಾಗಿ ಸ್ಕೂಲು ಕಾಲೇಜು ನಡೆಸೋ ಅನುಭವಿಗಳಿಗೆ ಅನ್ನೋದನ್ನ ನೋಡ್ಕೊಳ್ಳಿ.

ಈ ಕೋರ್ಸ್ ಯಾಕೆ ಓದ್ಬೇಕು ಅಂತ ಬರೆದು ಅರ್ಜಿ ಜೊತೆ ಕಳಿಸೋ ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಸುಮಾರು ಓದಿದೀನಿ ನಾನು. "ಚಿಕ್ಕಂದಿನಿಂದ ಟೀಚರ್ ಆಗೋ ಆಸೆ" ಅಂತಲೇ ಶುರುವಾಗುತ್ತೆ. ಆಸೆ ನಿಜಾನೇ ಇರಬಹುದು, ಆದ್ರೆ ಎರಡು ವರ್ಷ ಓದೋಕೆ ಒಂದು ಪ್ರಶ್ನೆ ಬೇಕು, ಆ ಪ್ರಶ್ನೆ ಸಿಗೋದು ಮಕ್ಕಳ ಜೊತೆ ಕೂತಾಗ್ಲೇ.

ಇದನ್ನೆಲ್ಲ ಆ ಹುಡುಗಿಗೂ ಹೇಳಿದೆ, ಅರ್ಜಿ ಹಾಕೋದು ಒಂದು ವರ್ಷ ಮುಂದಕ್ಕೆ ಹಾಕು ಅಂದೆ, ಬೇಜಾರಾದ್ಲು. ಆದ್ರೂ ಶನಿವಾರ ಶನಿವಾರ ಮಕ್ಕಳಿಗೆ ಲೆಕ್ಕ ಹೇಳ್ಕೊಡೋಕೆ ಹೋಗೋದು ಶುರು ಮಾಡಿದ್ಲು. ನಿನ್ನೆ ರಾತ್ರಿ ಮೆಸೇಜ್ ಬಂತು. "ಮೇಡಂ, ಒಬ್ಬ ಹುಡುಗ ಮೈನಸ್ ಮೂರಕ್ಕಿಂತ ಮೈನಸ್ ಏಳು ದೊಡ್ಡದು ಅಂತಾನೆ, ಅವನು ಹಂಗೆ ಯಾಕೆ ಅನ್ಕೋತಾನೆ?" ಉತ್ತರ ಹೇಳ್ಲಿಲ್ಲ ನಾನು. ಒಂದು ನೋಟ್‌ಬುಕ್ ತಗೊಂಡು ಅವನು ಹೇಳಿದ್ದನ್ನ ಅವನ ಮಾತಲ್ಲೇ, ತಾರೀಖು ಹಾಕಿ ಬರ್ಕೋ ಅಂದೆ.