ಗಾಳಿಯ ಲೆಕ್ಕವಿಲ್ಲದೆ ಕಾಂತಗೋಳ ಅಳೆಯಬಾರದು

ಯುರೇನಸ್ಸಿನ ಕಾಂತಗೋಳದ (ಗ್ರಹದ ಕಾಂತಕ್ಷೇತ್ರದ ಹಿಡಿತದಲ್ಲಿರುವ ವಲಯದ) ಒಳಗಿನ ಸ್ಥಿತಿ ಎಂದು ಪುಸ್ತಕಗಳು ಹೇಳುವುದೆಲ್ಲ ಒಂದೇ ನೌಕೆ, ಒಂದೇ ಸಲ, ಎರಡು ದಿನಕ್ಕೂ ಕಡಿಮೆ ಹೊತ್ತಿನಲ್ಲಿ ಅಳೆದು ಕಳಿಸಿದ ಅಂಕಿಗಳ ಮೇಲೆ ನಿಂತಿದೆ. 1986ರ ಜನವರಿ 24ರಂದು ವಾಯೇಜರ್ 2 ಆ ಗ್ರಹದ ಮೋಡಗಳಿಂದ ಸುಮಾರು 81,500 ಕಿ.ಮೀ. ದೂರದಲ್ಲಿ ಹಾದುಹೋಯಿತು. ಅದರ ನಂತರ ಅಲ್ಲಿಗೆ ಯಾವ ನೌಕೆಯೂ ಹೋಗಿಲ್ಲ. ಕಾಂತ ಅಕ್ಷ ಗ್ರಹ ತಿರುಗುವ ಅಕ್ಷದಿಂದ 59 ಡಿಗ್ರಿ ವಾಲಿದೆ, ಅದರ ನಡುಬಿಂದು ಗ್ರಹದ ಕೇಂದ್ರದಿಂದ ತ್ರಿಜ್ಯದ 0.3 ಪಾಲಿನಷ್ಟು ಸರಿದಿದೆ ಎಂದು ಆಗ ತಿಳಿಯಿತು. ಇವೆರಡು ಗ್ರಹದ ಒಡಲಿನ ಸಂಗತಿಗಳು, ದಿನದಿಂದ ದಿನಕ್ಕೆ ಬದಲಾಗುವಂಥವಲ್ಲ. ಆದರೆ ಜೊತೆಗೆ ಇನ್ನೆರಡು ಮಾತು ಸೇರಿಕೊಂಡವು: ಒಳಗೆ ಪ್ಲಾಸ್ಮಾ, ಅಂದರೆ ವಿದ್ಯುತ್ಕಣಗಳ ಅನಿಲ, ಹೆಚ್ಚುಕಡಿಮೆ ಖಾಲಿ, ವೇಗದ ಕಣಗಳು ಸಿಕ್ಕಿಬಿದ್ದಿರುವ ವಿಕಿರಣ ಪಟ್ಟಿಗಳು ಮಾತ್ರ ವಿಪರೀತ ತೀವ್ರ. ಈ ಎರಡನ್ನೂ ಯುರೇನಸ್ಸಿನ ಸ್ವಭಾವವೆಂದೇ ದಶಕಗಳ ಕಾಲ ಓದಿಸಿದೆವು. ಅದು ಆತುರದ ತೀರ್ಮಾನ.

2024ರ ನವೆಂಬರಿನಲ್ಲಿ ಜೇಮಿ ಜಸಿನ್ಸ್ಕಿ ಮತ್ತು ಸಂಗಡಿಗರು ನೇಚರ್ ಆಸ್ಟ್ರಾನಮಿ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ಇದನ್ನು ತೋರಿಸಿತು. ಅವರು ಹೊಸ ಉಪಕರಣ ಕಟ್ಟಲಿಲ್ಲ. ಕಾಂತಗೋಳ ಹೊಗುವ ಮುನ್ನ ಅದೇ ವಾಯೇಜರ್ ದಾಖಲಿಸಿದ್ದ ಸೌರಮಾರುತದ, ಅಂದರೆ ಸೂರ್ಯನಿಂದ ಬೀಸುವ ವಿದ್ಯುತ್ಕಣಗಳ ಗಾಳಿಯ, ಅಂಕಿಗಳನ್ನು ಮತ್ತೆ ತೆಗೆದು ನೋಡಿದರು. ಭೇಟಿಗೆ ಮುಂಚಿನ ಕೆಲವೇ ದಿನಗಳಲ್ಲಿ ಮಾರುತದ ಒತ್ತಡ ಸುಮಾರು 20 ಪಟ್ಟು ಏರಿತ್ತು. ಯುರೇನಸ್ ಹಾಗೆ ಹಿಂಡಿಸಿಕೊಂಡಿರುವುದು ಒಟ್ಟು ಕಾಲದ ಶೇಕಡ 5ಕ್ಕಿಂತ ಕಡಿಮೆ. ಒಂದು ವಾರ ಮೊದಲು ಹೋಗಿದ್ದರೆ ಬೇರೆಯೇ ಕಾಂತಗೋಳ ಸಿಗುತ್ತಿತ್ತು.

20 ಪಟ್ಟು ಎಂದರೆ ಎಷ್ಟು ಕುಗ್ಗುತ್ತದೆ? ಗ್ರಹದ ಕಾಂತಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ಕಾಂತ ಒತ್ತಡ ಕ್ಷೇತ್ರದ ವರ್ಗದಂತೆ ನಡೆಯುವುದರಿಂದ ದೂರದ ಆರನೇ ಘಾತದಂತೆ ಇಳಿಯುತ್ತದೆ. ಹಾಗಾಗಿ ಕಾಂತಗೋಳದ ಅಂಚು ಒತ್ತಡದ ಆರನೇ ಮೂಲದಷ್ಟು ಮಾತ್ರ ಸರಿಯುತ್ತದೆ. 20ರ ಆರನೇ ಮೂಲ 1.65. ವಾಯೇಜರ್ ಅಂಚನ್ನು ದಾಟಿದ್ದು ಸುಮಾರು 18 ಗ್ರಹ ತ್ರಿಜ್ಯದಲ್ಲಿ. ಮಾರುತ ಶಾಂತವಾಗಿದ್ದಾಗ ಅದೇ ಅಂಚು 30 ತ್ರಿಜ್ಯದ ಆಸುಪಾಸಿನಲ್ಲಿರಬೇಕು. ಈಗ ಉಪಗ್ರಹಗಳನ್ನು ನೋಡಿ. ಟೈಟೇನಿಯಾ 17 ತ್ರಿಜ್ಯದಲ್ಲಿದೆ, ಓಬೆರಾನ್ 23ರಲ್ಲಿ. ಹಿಂಡಿದ ದಿನ ಒಂದು ಅಂಚಿಗೆ ತಾಗಿಕೊಂಡಿರುತ್ತದೆ, ಇನ್ನೊಂದು ಹೊರಗೇ. ಸಾಮಾನ್ಯ ದಿನ ಎರಡೂ ಒಳಗೆ. ಇದು ಸಣ್ಣ ವ್ಯತ್ಯಾಸವಲ್ಲ. ಉಪಗ್ರಹ ಕಾಂತಗೋಳದೊಳಗೆ ಇದ್ದರೆ ಮಾತ್ರ ಅದು ಕಕ್ಕಿದ ಅಯಾನುಗಳು ಅಲ್ಲೇ ಉಳಿದು ಸಿಕ್ಕುತ್ತವೆ. 59 ಡಿಗ್ರಿ ವಾಲಿದ ಕ್ಷೇತ್ರ ಸುಮಾರು 17 ಗಂಟೆಗೊಮ್ಮೆ ತೂಗಾಡಿ, ಮಂಜಿನಡಿ ಉಪ್ಪುನೀರಿನ ಕಡಲಿದ್ದರೆ ಅದರಲ್ಲಿ ವಿದ್ಯುತ್ ಪ್ರೇರಿಸಬಲ್ಲದು. ಗೆಲಿಲಿಯೊ ನೌಕೆ ಗುರುವಿನ ಉಪಗ್ರಹ ಯುರೋಪಾದ ಕಡಲಿನ ಸುಳಿವು ಹಿಡಿದದ್ದು ಈ ದಾರಿಯಲ್ಲೇ. 1986ರ ಖಾಲಿತನವನ್ನು ನೋಡಿ ಈ ಉಪಗ್ರಹಗಳು ಸತ್ತ ಮಂಜುಗಡ್ಡೆಗಳೆಂದು ಬರೆದವರಿಗೆ ಆಧಾರ ಸಾಲದಾಗಿತ್ತು.

ಹಾಗೆಂದು ಉಪಕರಣವನ್ನು ದೂರುವಂತಿಲ್ಲ. ವಾಯೇಜರಿನ ಕಾಂತಮಾಪಕಗಳು 13 ಮೀಟರ್ ಉದ್ದದ ತೋಳಿನ ಮೇಲಿವೆ, ತುದಿಯಲ್ಲೊಂದು, ನಡುವೆ ಇನ್ನೊಂದು. ಎರಡು ಯಾಕೆ ಎಂಬುದನ್ನು ನಮ್ಮ ಆದಿತ್ಯ-ಎಲ್1ರ ಮೇಲೆ ಹೇಳುವುದು ಸುಲಭ. ಬೆಂಗಳೂರಿನ ಇಸ್ರೋ ಪ್ರಯೋಗಾಲಯ ಲಿಯೋಸ್ ಕಟ್ಟಿದ ಅದರ ಮಾಪಕಗಳು 6 ಮೀಟರ್ ತೋಳಿನಲ್ಲಿ 3 ಮತ್ತು 6 ಮೀಟರಿನಲ್ಲಿ ಕೂತಿವೆ. ಮಡಚಿಟ್ಟ ಆ ತೋಳು 2024ರ ಜನವರಿ 11ರಂದು ಸುಮಾರು 9 ಸೆಕೆಂಡಿನಲ್ಲಿ ಬಿಚ್ಚಿಕೊಂಡಿತು. ಅಳೆಯಬೇಕಾದ ಸೌರಮಾರುತದ ಕಾಂತಕ್ಷೇತ್ರ ಸುಮಾರು 5 ನ್ಯಾನೊಟೆಸ್ಲಾ. ಬೆಂಗಳೂರಿನ ನೆಲದ ಮೇಲೆ ಇರುವುದು ಸುಮಾರು 40,000. ನೌಕೆಯ ಚಕ್ರಗಳ ಮೋಟರು, ಅಯಸ್ಕಾಂತವಿರುವ ಕವಾಟ, ಸೌರಫಲಕದ ತಂತಿಯ ಸುತ್ತು, ಕಾಂತತೆ ಹತ್ತಿದ ಒಂದು ಉಕ್ಕಿನ ಸ್ಕ್ರೂ, ಯಾವುದಾದರೂ ಒಂದು ಆ 5ನ್ನು ಮುಳುಗಿಸಬಹುದು.

ನಾಸಾದ ಭೌತವಿಜ್ಞಾನಿ ನಾರ್ಮನ್ ನೆಸ್ ಮತ್ತವರ ತಂಡ 1971ರಲ್ಲೇ ಇದಕ್ಕೆ ಉಪಾಯ ಕೊಟ್ಟಿತ್ತು. ನೌಕೆಯ ಸ್ವಂತ ಕ್ಷೇತ್ರ ದೂರದ ಘನದಂತೆ ಇಳಿಯುತ್ತದೆ ಎಂದುಕೊಳ್ಳಿ. 3 ಮೀಟರಿನಲ್ಲಿ ಇದ್ದದ್ದು 6 ಮೀಟರಿನಲ್ಲಿ ಎಂಟನೇ ಒಂದು ಪಾಲು. ತುದಿಯ ಮಾಪಕದ ಅಂಕಿಯನ್ನು 8ರಿಂದ ಗುಣಿಸಿ, ಒಳಗಿನದನ್ನು ಕಳೆದು, 7ರಿಂದ ಭಾಗಿಸಿದರೆ ಅಂತರಿಕ್ಷದ ಕ್ಷೇತ್ರ ಸಿಗುತ್ತದೆ. ಒಳಗೆ 9, ತುದಿಯಲ್ಲಿ 5.5 ಬಂದರೆ ಉತ್ತರ 5. ತಪ್ಪು ನುಸುಳುವುದು ಎಲ್ಲಿ ಅಂದರೆ, ದೂರವನ್ನು ತೋಳಿನ ಬುಡದಿಂದಲ್ಲ, ಗದ್ದಲ ಮಾಡುವ ಭಾಗದಿಂದ ಎಣಿಸಬೇಕು. ಆ ಭಾಗ ನೌಕೆಯ ಒಡಲಲ್ಲಿ 1 ಮೀಟರ್ ಒಳಗಿದ್ದರೆ ದೂರಗಳು 4 ಮತ್ತು 7 ಆಗಿ, ಅನುಪಾತ 8ರಿಂದ 5.4ಕ್ಕೆ ಇಳಿಯುತ್ತದೆ. ಹಳೆಯ ಸೂತ್ರವನ್ನೇ ಹಾಕಿದರೆ 5 ಬರಬೇಕಾದಲ್ಲಿ 5.3 ಬರುತ್ತದೆ. ಗದ್ದಲದ ಮೂಲ ಎರಡು ಮೂರಿದ್ದರೆ ಒಂದೇ ಸೂತ್ರ ಸಾಲದು. ಯುರೋಪಿನ ಶುಕ್ರಯಾನ ವೀನಸ್ ಎಕ್ಸ್‌ಪ್ರೆಸ್ಸಿನ ತೋಳು 1 ಮೀಟರ್ ಮಾತ್ರ, ನೌಕೆಗೆ ಕಾಂತ ಶುಚಿತ್ವದ ಕಟ್ಟುಪಾಡೂ ಇರಲಿಲ್ಲ. ಅದರ ಅಂಕಿಗಳನ್ನು ತೊಳೆಯುವುದೇ ದೊಡ್ಡ ಕೆಲಸವಾಯಿತು. ತೋಳಿನ ಉದ್ದದಲ್ಲಿ ಉಳಿಸಿದ ಕಿಲೋಗಳನ್ನು ಆಮೇಲೆ ವರ್ಷಗಟ್ಟಲೆ ದುಡಿದು ತೀರಿಸಬೇಕಾಗುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಯುರೇನಸ್ಸಿನಲ್ಲಿ ಆದ ತೊಂದರೆ ತಪ್ಪದು. ಒಳಗಿನ ಮಾಪಕ ಎಷ್ಟೇ ಶುಚಿಯಾಗಿದ್ದರೂ, ಅದೇ ಗಳಿಗೆಯಲ್ಲಿ ಹೊರಗೆ ಗಾಳಿ ಹೇಗಿತ್ತು ಎಂದು ಹೇಳಲಾರದು. ಅದಕ್ಕೆ ಎರಡನೇ ನೌಕೆ ಬೇಕು. 2000ದ ಡಿಸೆಂಬರ್ 30ರಂದು ಕ್ಯಾಸಿನಿ ಶನಿಯತ್ತ ಹೋಗುತ್ತ ಗುರುವನ್ನು ಹಾದಾಗ ಗೆಲಿಲಿಯೊ ಅಲ್ಲೇ ಸುತ್ತುತ್ತಿತ್ತು. ಮಾರುತದ ಹೊಡೆತಕ್ಕೆ ಗುರುವಿನ ಕಾಂತಗೋಳ ಕುಗ್ಗುವುದನ್ನು ಎರಡು ಕಡೆಯಿಂದ ಒಟ್ಟಿಗೆ ನೋಡಲು ಆಗಿದ್ದು ಆ ಕೂಟದಿಂದಲೇ. ಬುಧನಲ್ಲಿ ಈ ಕೊರತೆ ಇನ್ನೂ ತೀವ್ರ. ಅಲ್ಲಿ ಕಾಂತಗೋಳ ಪೂರ್ತಿ ಮರುಜೋಡಣೆಯಾಗಲು ಎರಡು ನಿಮಿಷದಷ್ಟು ಸಾಕು. 2011ರಿಂದ 2015ರವರೆಗೆ ಸುತ್ತಿದ ನಾಸಾದ ಮೆಸೆಂಜರ್ ನೌಕೆ ಒಂಟಿ. ಅದು ಹೊರಗೆ ಅಳೆದ ಗಾಳಿ ಒಳಗೆ ಸೇರುವಷ್ಟರಲ್ಲಿ ಹಳತಾಗಿರುತ್ತಿತ್ತು. ಯುರೋಪ್ ಮತ್ತು ಜಪಾನಿನ ಬುಧಯಾನ ಬೆಪಿಕೊಲಂಬೊ ಎರಡು ನೌಕೆಗಳನ್ನು ಒಯ್ಯುತ್ತಿರುವುದು ನನ್ನ ದೃಷ್ಟಿಯಲ್ಲಿ ಆ ಯೋಜನೆಯ ಅತ್ಯುತ್ತಮ ನಿರ್ಧಾರ. ಯುರೋಪಿನದು ಗ್ರಹಕ್ಕೆ ಹತ್ತಿರ, ಜಪಾನಿನ ಮಿಯೊ 11,600 ಕಿ.ಮೀ.ವರೆಗೆ ಹೊರಹೋಗಿ ಸೌರಮಾರುತವನ್ನೇ ಮುಟ್ಟುತ್ತದೆ.

ಭೂಮಿಗೆ ಆ ಹೊರಗಿನ ಕಾವಲುಗಾರರು ಎಲ್1 ಎಂಬ ಬಿಂದುವಿನ ಬಳಿ ಇದ್ದಾರೆ, ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ಮುಂದೆ. ಸೆಕೆಂಡಿಗೆ 400 ಕಿ.ಮೀ. ವೇಗದ ಗಾಳಿ ಅಲ್ಲಿಂದ ಇಲ್ಲಿಗೆ ಬರಲು ಒಂದು ಗಂಟೆ, 800 ಆದರೆ ಅರ್ಧ ಗಂಟೆ. ಆದರೆ ಇಲ್ಲಿ ಒಂದು ಎಚ್ಚರಿಕೆಯನ್ನು ನಮ್ಮ ಪತ್ರಿಕೆಗಳು ಬಿಟ್ಟೇಬಿಡುತ್ತವೆ. ನೌಕೆ ಎಲ್1 ಬಿಂದುವಿನಲ್ಲಿ ನಿಂತಿರುವುದಿಲ್ಲ. ಆದಿತ್ಯ ಸುಮಾರು 178 ದಿನಕ್ಕೊಮ್ಮೆ ಅದರ ಸುತ್ತ ಲಕ್ಷಾಂತರ ಕಿ.ಮೀ. ಅಗಲದ ಬಳೆ ಸುತ್ತುತ್ತದೆ. ಸೂರ್ಯ ಭೂಮಿಗಳ ಗೆರೆಯಿಂದ ಅಷ್ಟು ಪಕ್ಕಕ್ಕಿರುವಾಗ ಕಂಡ, ಕಾಂತ ಬಿರುಗಾಳಿ ಎಬ್ಬಿಸಬಲ್ಲ ದಕ್ಷಿಣಮುಖಿ ಕ್ಷೇತ್ರ ಭೂಮಿಯನ್ನೇ ತಟ್ಟಬೇಕೆಂದಿಲ್ಲ, ತಟ್ಟಿದರೂ ಲೆಕ್ಕ ಹಾಕಿದ ಹೊತ್ತಿಗೇ ಬರಬೇಕೆಂದಿಲ್ಲ. ಅಮೆರಿಕದ ವಿಂಡ್, ಏಸ್ ನೌಕೆಗಳು ಅಲ್ಲಿ ಇರುವಾಗ ನಮ್ಮದು ಯಾಕೆ ಎಂದು ಕೇಳುವವರಿಗೆ ಉತ್ತರ ಇದೇ. ಬೇರೆ ಬೇರೆ ಜಾಗದಲ್ಲಿ ಇಷ್ಟು ಮಾಪಕಗಳಿದ್ದರೇನೇ ಸೂರ್ಯನಿಂದ ಬರುತ್ತಿರುವ ಪ್ಲಾಸ್ಮಾ ಮೋಡದ ಆಕಾರ ತಿಳಿಯುವುದು.

ಯುರೇನಸ್ಸಿಗೆ ಮುಂದಿನ ನೌಕೆ ಕಳಿಸಬೇಕೆಂದು ಅಮೆರಿಕದ ವಿಜ್ಞಾನಿಗಳು 2022ರ ದಶಕಾವಧಿ ವರದಿಯಲ್ಲಿ ಮೊದಲ ಆದ್ಯತೆ ಕೊಟ್ಟಿದ್ದಾರೆ. ಅಲ್ಲಿ ಎರಡನೇ ನೌಕೆ ಇಡುವುದು ಹೇಳಿದಷ್ಟು ಸುಲಭವಲ್ಲ. ಬಿಸಿಲು ಚದರ ಮೀಟರಿಗೆ 4 ವಾಟ್ ಕೂಡ ಇಲ್ಲ, ಪುಟ್ಟ ನೌಕೆ ಸೌರಫಲಕದಲ್ಲಿ ಬದುಕದು. ಭೂಮಿಯ ಬಳಿ ಅಳೆದ ಗಾಳಿಯಿಂದ ಅಂದಾಜಿಸೋಣವೆಂದರೆ ಅದು ಅಲ್ಲಿಗೆ ಮುಟ್ಟಲು 80 ದಿನದಷ್ಟು ಬೇಕು, ದಾರಿಯಲ್ಲಿ ವೇಗದ ಅಲೆ ನಿಧಾನದ ಅಲೆಯನ್ನು ನುಂಗಿ ಲೆಕ್ಕ ಕೆಡುತ್ತದೆ. ಹಾಗಾಗಿ ನಾನು ಕಕ್ಷೆಯ ಮೇಲೆ ಪಟ್ಟು ಹಿಡಿಯುತ್ತೇನೆ. ಮೊದಲ ವರ್ಷಗಳಲ್ಲಾದರೂ ಕಕ್ಷೆಯ ದೂರದ ತುದಿ ಸೂರ್ಯನ ಕಡೆಗೆ 40 ತ್ರಿಜ್ಯ ದಾಟಬೇಕು, ಅಂದರೆ ಹತ್ತು ಲಕ್ಷ ಕಿ.ಮೀ.ಗೂ ಆಚೆ. ಆಗ ಶಾಂತ ದಿನಗಳಲ್ಲೂ ನೌಕೆ ಪ್ರತಿ ಸುತ್ತಿಗೆ ಆಘಾತದ ಅಂಚಿನಾಚೆ, ಅಂದರೆ ಗಾಳಿ ಕಾಂತಗೋಳಕ್ಕೆ ಡಿಕ್ಕಿಹೊಡೆದು ನಿಧಾನವಾಗುವ ಗೆರೆಯಾಚೆ, ಹೋಗಿ ಗಾಳಿ ನೋಡಿ ಬರುತ್ತದೆ. ಯುರೇನಸ್ಸಿನ ವರ್ಷ ನಮ್ಮ 84 ವರ್ಷ, ಸೂರ್ಯನ ದಿಕ್ಕು ವರ್ಷಕ್ಕೆ 4 ಡಿಗ್ರಿ ಮಾತ್ರ ಸರಿಯುವುದರಿಂದ ಒಮ್ಮೆ ಸರಿಯಾಗಿ ಕೂರಿಸಿದ ಕಕ್ಷೆ ಹಲವು ವರ್ಷ ಹಾಗೇ ಉಳಿದೀತು. ಸೂರ್ಯನಿಗೆ ಬೆನ್ನಾದ ಕಡೆ ಚಾಚಿರುವ ಕಾಂತಬಾಲದ ಅಳತೆ ತಡವಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಬಾಲ ಕಾಯಲಿ, ಗಾಳಿ ಮೊದಲು.