ಹಬ್ಬಕ್ಕೆ ಊರಿಗೆ ಹೋಗಲಿಲ್ಲ, ಹುಷಾರಾಗಬೇಕಿತ್ತು

ಈ ಸಲ ದೀಪಾವಳಿಗೆ ನಾನು ಸಾಗರಕ್ಕೆ ಹೋಗಲಿಲ್ಲ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೆ. ಡೆಂಗ್ಯೂ ಆಗಿ ಆಸ್ಪತ್ರೆಯಿಂದ ಬಂದು ಇನ್ನೂ ಜಾಸ್ತಿ ದಿನ ಆಗಿರಲಿಲ್ಲ. ಇದನ್ನು ಹೇಳಿದ ಕೂಡಲೇ ಎಲ್ಲರ ಬಾಯಲ್ಲಿ ಒಂದೇ ಮಾತು, "ಅಯ್ಯೋ ಪಾಪ, ಹಬ್ಬದ ದಿನ ಒಬ್ಬಳೇನಾ?" ಅದರ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ಆ "ಪಾಪ"ದ ಬಗ್ಗೆ ನನಗೊಂದು ತಕರಾರು ಇದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಕಾಯಿಲೆಯ ವಿಷಯ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಡೆಂಗ್ಯೂ ಅಂದ ತಕ್ಷಣ ಜನ ಕೇಳುವುದು "ಪ್ಲೇಟ್‌ಲೆಟ್ ಎಷ್ಟು?" ಅಂತ. ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷ ಇರಬೇಕಾದದ್ದು ಡೆಂಗ್ಯೂನಲ್ಲಿ ಸರ‍್ರನೆ ಇಳಿಯುತ್ತದೆ, ಅದನ್ನು ನೋಡಿದರೆ ಯಾರಿಗಾದರೂ ಭಯ ಆಗುತ್ತದೆ. ಆದರೆ ವಾರ್ಡಿಗೆ ಬರುತ್ತಿದ್ದ ಡಾಕ್ಟರು ಅಷ್ಟೇ ಗಮನ ಕೊಟ್ಟು ನೋಡುತ್ತಿದ್ದದ್ದು ಬಿಪಿ, ಮೂತ್ರ ಸರಿಯಾಗಿ ಹೋಗುತ್ತಿದೆಯಾ ಅನ್ನುವುದು, ಮತ್ತೆ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅನ್ನುವ ಲೆಕ್ಕ. ರಕ್ತನಾಳದ ಒಳಗಿರಬೇಕಾದ ನೀರಿನಂಶ ಹೊರಗೆ ಸೋರಿದರೆ ರಕ್ತ ಮಂದವಾಗುತ್ತದೆ, ಪಿಸಿವಿ ಏರುತ್ತದೆ. ಡೆಂಗ್ಯೂನಲ್ಲಿ ಜೀವಕ್ಕೆ ಕುತ್ತು ಬರುವ ದಾರಿಗಳಲ್ಲಿ ಇದು ಮುಖ್ಯವಾದದ್ದು. ಅದು ಆಗುವುದು ಜ್ವರ ಸುಡುತ್ತಿರುವಾಗ ಅಲ್ಲ. ಮೂರನೇ ದಿನದಿಂದ ಏಳನೇ ದಿನದ ಒಳಗೆ ಜ್ವರ ಇಳಿಯುತ್ತದಲ್ಲ, ಆಗಿನ 24ರಿಂದ 48 ಗಂಟೆ. "ಜ್ವರ ಬಿಡ್ತು, ಇನ್ನೇನು ತೊಂದರೆ ಇಲ್ಲ" ಅಂತ ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತದು.

ಆ ದಿನಗಳಲ್ಲಿ ದಯವಿಟ್ಟು ಯಾರೂ ಒಬ್ಬರೇ ಇರಬೇಡಿ. ಹೊಟ್ಟೆ ಜೋರಾಗಿ ನೋಯುವುದು, ಮತ್ತೆ ಮತ್ತೆ ವಾಂತಿ, ಒಸಡಲ್ಲೋ ಮೂಗಲ್ಲೋ ರಕ್ತ, ತುಂಬಾ ಮಂಪರು, ಮೂತ್ರ ಕಡಿಮೆಯಾಗುವುದು, ಇದರಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ ಹೋಗಬೇಕು. ಮೈಕೈ ನೋವು ತಡೆಯಲಾಗದೆ ಐಬುಪ್ರೊಫೆನ್, ಆಸ್ಪಿರಿನ್ ನುಂಗಬಾರದು, ರಕ್ತಸ್ರಾವ ಜಾಸ್ತಿಯಾಗುತ್ತದೆ. ಡಾಕ್ಟರು ಹೇಳಿದಷ್ಟು ಪ್ಯಾರಾಸಿಟಮಾಲ್ ಅಷ್ಟೇ. ನನ್ನ ಜೊತೆ ಆಗ ಹಾಸ್ಟೆಲ್ ಕಾಲದ ಗೆಳತಿ ಇದ್ದಳು. ತನ್ನ ಆಫೀಸಿಗೆ ರಜಾ ಹಾಕಿ ಆಸ್ಪತ್ರೆಯ ಆ ಗಟ್ಟಿ ಬೆಂಚಿನ ಮೇಲೆ ಮಲಗಿದಳು. ನಾನು ಒಬ್ಬಳೇ ಇದ್ದದ್ದು ಅದೆಲ್ಲ ದಾಟಿ, ಡಾಕ್ಟರು ಮನೆಗೆ ಹೋಗಬಹುದು ಅಂದಮೇಲೆ. ಈ ವ್ಯತ್ಯಾಸ ಮುಖ್ಯ. ಯಾರ ಸಹಾಯವೂ ಬೇಡ, ಒಬ್ಬರೇ ನಿಭಾಯಿಸಬಹುದು ಅನ್ನುವ ಧೈರ್ಯದ ಕತೆ ನನ್ನದಲ್ಲ.

ನಾನು ಹೇಳಬೇಕಿರುವುದು ಆಮೇಲಿನ ದಿನಗಳ ಬಗ್ಗೆ. ಜ್ವರ ಇಲ್ಲ, ರಿಪೋರ್ಟ್ ಸರಿಯಿದೆ, ನೋಡಿದವರಿಗೆ ಚೆನ್ನಾಗಿಯೇ ಇದ್ದೇವೆ. ಆದರೆ ಕುಕ್ಕರ್ ಮುಚ್ಚಳ ತಿರುಗಿಸಲು ಕೈಯಲ್ಲಿ ಕಸುವಿಲ್ಲ. ಸ್ನಾನಕ್ಕೆ ಬಚ್ಚಲಲ್ಲಿ ಸ್ಟೂಲ್ ಹಾಕಿಕೊಂಡು ಕೂರಬೇಕು, ತಲೆಗೆ ಎರಡು ಚೊಂಬು ನೀರು ಸುರಿದುಕೊಳ್ಳುವಷ್ಟರಲ್ಲಿ ಉಸಿರು ಮೇಲಕ್ಕೆ ಬರುತ್ತದೆ. ಅಂಗೈ, ಅಂಗಾಲು ರಾತ್ರಿಯಿಡೀ ತುರಿಕೆ. ಬಾಯಲ್ಲಿ ಏನಿಟ್ಟರೂ ಕಹಿ. ಬಟ್ಟೆ ಒಣಗಿಹಾಕಲು ಮಹಡಿ ಹತ್ತಿದರೆ ಅರ್ಧ ದಾರಿಯಲ್ಲಿ ಮೆಟ್ಟಿಲ ಮೇಲೇ ಕೂತುಬಿಡಬೇಕು. ಡೆಂಗ್ಯೂ ಆದವರಲ್ಲಿ ಎಷ್ಟೋ ಜನಕ್ಕೆ ಈ ಸುಸ್ತು ವಾರಗಟ್ಟಲೆ ಇರುತ್ತದೆ. ಎರಡು ಮೂರು ತಿಂಗಳ ಮೇಲೆ ಕೂದಲು ಉದುರಲು ಶುರುವಾಗುವುದೂ ಉಂಟು. ಇದೆಲ್ಲ ಕಾಯಿಲೆಯದೇ ಭಾಗ. ಆದರೆ ನಮ್ಮ ಲೆಕ್ಕದಲ್ಲಿ ಡಿಸ್ಚಾರ್ಜ್ ಆದ ದಿನ ಕಾಯಿಲೆ ಮುಗಿಯಿತು.

ಬಾಣಂತಿಗೆ ಇಷ್ಟು ತಿಂಗಳು ಏಳುವ ಹಾಗಿಲ್ಲ, ಇದು ತಿನ್ನಬೇಕು, ಇದು ಮುಟ್ಟಬಾರದು ಅಂತ ನಮ್ಮ ಮನೆಗಳಲ್ಲಿ ಒಂದು ಕ್ರಮ ಇದೆ. ಕ್ರಮದಲ್ಲಿ ಸರಿ ತಪ್ಪು ಎರಡೂ ಇರಬಹುದು. ಆದರೆ ಆ ಹೆಂಗಸಿಗೆ ವಿಶ್ರಾಂತಿ ಬೇಕು ಅನ್ನುವುದನ್ನು ಇಡೀ ಮನೆ ಒಪ್ಪಿಕೊಂಡಿರುತ್ತದೆ. ಅವಳು ಬಂದವರಿಗೆಲ್ಲ ವಿವರಣೆ ಕೊಡುತ್ತ ಕೂರಬೇಕಿಲ್ಲ. ಕಾಯಿಲೆಯಿಂದ ಎದ್ದವರಿಗೂ ಅಂಥದ್ದೊಂದು ಒಪ್ಪಿಗೆ ಬೇಕು ಅನ್ನುವುದು ನನ್ನ ಮಾತು. ಹಬ್ಬ ಬಂದಾಗ ಅದು ಇನ್ನೂ ಜಾಸ್ತಿ ಬೇಕು.

ಯಾಕೆ ಅಂತ ಹೇಳಬೇಕಾದರೆ ನಮ್ಮ ಕಡೆಯ ದೀಪಾವಳಿ ಹೇಗಿರುತ್ತದೆ ಅಂತ ಹೇಳಬೇಕು. ಮಲೆನಾಡಲ್ಲಿ ಅದು ದೊಡ್ಡಹಬ್ಬ. ಬೂರೆ ಹಬ್ಬದ ದಿನ, ಅಂದರೆ ನರಕ ಚತುರ್ದಶಿಯಂದು, ಬೆಳಗಿನ ಜಾವ ಎದ್ದು ಬಾವಿ ಪೂಜೆ ಮಾಡಿ ನೀರು ತರುವುದರಿಂದ ಶುರು. ಎಣ್ಣೆ ನೀರು, ಬಲೀಂದ್ರನ ಪೂಜೆ. ಪಾಡ್ಯದ ದಿನ ಕೊಟ್ಟಿಗೆಯದ್ದೇ ಸಂಭ್ರಮ. ದನಗಳ ಮೈ ತೊಳೆದು, ಕೆಮ್ಮಣ್ಣು ಹಚ್ಚಿ, ಹಣ್ಣಡಿಕೆ, ಪಚ್ಚೆತೆನೆ, ಚೆಂಡು ಹೂವಿನ ಸರ ಕಟ್ಟಿ ಗೋಪೂಜೆ. ಆ ಸರ ಕಟ್ಟಲು ಹಿಂದಿನ ರಾತ್ರಿ ಮನೆಮಂದಿಯೆಲ್ಲ ಜಗಲಿಯಲ್ಲಿ ಕೂರುತ್ತಾರೆ. ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಪದ ಹೇಳುತ್ತ ಮನೆಮನೆಗೆ ಬರುತ್ತಾರೆ. ಅವರ ದೀಪಕ್ಕೆ ಎಣ್ಣೆ ಎರೆಯಬೇಕು, ಅಕ್ಕಿ ಕಾಯಿ ಕೊಡಬೇಕು. ಅವರು ಬರುವ ಹೊತ್ತು ಮಧ್ಯರಾತ್ರಿಯೋ ಅದರಾಚೆಯೋ. ಇಷ್ಟೂ ನನಗೆ ಪ್ರಾಣ. ಬೇರೆ ಯಾವ ಹಬ್ಬ ತಪ್ಪಿದರೂ ಪರವಾಗಿಲ್ಲ, ಇದು ತಪ್ಪಬಾರದು ಅನ್ನುವವಳು ನಾನು.

ಈಗ ಆ ಮನೆಯಲ್ಲಿ ಸುಸ್ತಾದ ಮಗಳೊಬ್ಬಳು ಮಲಗಿದ್ದಾಳೆ ಅಂತ ಇಟ್ಟುಕೊಳ್ಳಿ. ಒಳಗೆ ಅಮ್ಮ ಕಡುಬಿಗೆ ಸೌತೆಕಾಯಿ ತುರಿಯುತ್ತಿದ್ದಾಳೆ, ಅತ್ತೆ ಹೋಳಿಗೆ ಬೇಯಿಸುತ್ತಿದ್ದಾಳೆ. ಯಾರೂ ಏಳು ಅನ್ನುವುದಿಲ್ಲ. ಆದರೆ ಮಲಗಿದವಳಿಗೆ ಮಲಗಲು ಆಗುವುದಿಲ್ಲ. ಬಂದವರೆಲ್ಲ ಕೋಣೆಗೆ ಇಣುಕಿ ಕೌಂಟ್ ಕೇಳುತ್ತಾರೆ. ಎದ್ದು ಕೂತು ಮಾತಾಡಿಸಬೇಕು. ಒಬ್ಬರು ಪಪ್ಪಾಯ ಎಲೆ ರಸ ಅನ್ನುತ್ತಾರೆ, ಇನ್ನೊಬ್ಬರು ಅಮೃತಬಳ್ಳಿ ಅನ್ನುತ್ತಾರೆ, "ನಮ್ಮ ಮಾಣಿಗೂ ಆಗಿತ್ತು, ಎಂಟೇ ದಿನಕ್ಕೆ ಕೆಲಸಕ್ಕೆ ಹೋದ" ಅಂತ ಮತ್ತೊಬ್ಬರು. ಹೆಂಗಸರಿಗಂತೂ ಹಬ್ಬದ ಮನೆಯಲ್ಲಿ ಮಲಗುವುದು ಅಂದರೆ ಏನೋ ಅಪರಾಧ ಮಾಡಿದ ಹಾಗೆ. ಇನ್ನು ಅಮ್ಮನಿಗೆ ಹಬ್ಬದ ಕೆಲಸದ ಮೇಲೆ ನನ್ನ ಗಂಜಿ, ನನ್ನ ಬಿಸಿನೀರು. ಅದಕ್ಕೂ ಮೊದಲು ಏಳೆಂಟು ಗಂಟೆಯ ರಾತ್ರಿ ಬಸ್ಸು, ಹಬ್ಬದ ಜನಜಂಗುಳಿ. ಯೋಚನೆ ಮಾಡಿಯೇ ಬೇಡ ಅಂದೆ.

ಅಮ್ಮ ತಾನೇ ಬರುತ್ತೇನೆ ಅಂದಳು. ಕೊಟ್ಟಿಗೆಯಲ್ಲಿ ಒಂದು ದನ ಕರು ಹಾಕುವುದಿತ್ತು, ಅಜ್ಜಿಗೆ ಎದ್ದು ಓಡಾಡಲು ಆಗುವುದಿಲ್ಲ. "ನೀ ಬಂದ್ರೆ ನಂಗೆ ಅಲ್ಲಿನ ಚಿಂತೆ, ಬರ್ಬೇಡ" ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಪ್ಪೆಮಿಡಿ ಉಪ್ಪಿನಕಾಯಿ ಇದ್ಯಾ?" ಅಂತ ಕೇಳಿದಳು. ಇತ್ತು. ಗಂಜಿ ಉಪ್ಪಿನಕಾಯಿಯಲ್ಲೇ ನನ್ನ ಹಬ್ಬ ಆಯಿತು.

ಬೇಜಾರು ಆಗಲಿಲ್ವಾ ಅಂದರೆ, ಆಯಿತು. ಗೋಪೂಜೆ ಹೊತ್ತಿಗೆ ತಮ್ಮ ವೀಡಿಯೊ ಕಾಲ್ ಮಾಡಿ ಫೋನನ್ನು ಕೊಟ್ಟಿಗೆಯ ಗೂಟಕ್ಕೆ ಆನಿಸಿ ಇಟ್ಟಿದ್ದ. ಗಂಟೆ, ಜಾಗಟೆ, ಸರ ಕಟ್ಟಿಸಿಕೊಳ್ಳದೆ ತಲೆ ಕೊಡವುವ ಹೋರಿ ಎಲ್ಲ ಕಂಡಿತು. ಅತ್ತೆ. ಚೆನ್ನಾಗಿ ಅತ್ತೆ. ಆದರೆ ಅತ್ತು ಮುಗಿಸಿ ಮಲಗಿದಾಗ ಯಾರೂ ಎಬ್ಬಿಸಲಿಲ್ಲ, ಮಧ್ಯಾಹ್ನ ಮೂರರವರೆಗೆ ನಿದ್ದೆ ಬಂತು. ಕಾಯಿಲೆ ಬಿದ್ದ ಮೇಲೆ ಅಂಥ ನಿದ್ದೆ ಬಂದಿರಲಿಲ್ಲ. ಎರಡೂ ನಿಜ. ದುಃಖ ಆಯಿತು ಅಂತ ನಿರ್ಧಾರ ತಪ್ಪಾಗುವುದಿಲ್ಲ ಅಲ್ವಾ?

ಸಂಜೆ ಪಟಾಕಿ. ಸುಪ್ರೀಂ ಕೋರ್ಟ್ 2018ರಲ್ಲೇ ದೀಪಾವಳಿಗೆ ರಾತ್ರಿ 8ರಿಂದ 10 ಅಂತ ಸಮಯ ಹಾಕಿದೆ. ನಮ್ಮ ಬೀದಿಯಲ್ಲಿ ಅದು ಹನ್ನೊಂದಾದರೂ ನಿಲ್ಲಲಿಲ್ಲ. ಕಿಟಕಿ ಎಲ್ಲ ಹಾಕಿ, ಸಂದಿಗೆ ಒದ್ದೆ ಟವೆಲ್ ತುರುಕಿದರೂ ಹೊಗೆ ಬಂತು, ಪ್ರತಿ ಸದ್ದಿಗೂ ಎದೆ ಹೊಡೆದುಕೊಂಡಿತು. ಮಕ್ಕಳು ಹೊಡೆಯಲಿ, ಅವರ ಖುಷಿ ನನಗೂ ಬೇಕು. ಹತ್ತು ಗಂಟೆಗೆ ದೊಡ್ಡವರು "ಸಾಕು" ಅನ್ನಬೇಕಿತ್ತು. ಯಾವ ಮನೆಯೊಳಗೆ ಯಾರು ಮಲಗಿದ್ದಾರೋ ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಕೆಳಗಿನ ಮನೆಯ ಅಕ್ಕನ ವಿಷಯ ಹೇಳಲೇಬೇಕು. ಅವರು ಕಲಬುರಗಿ ಕಡೆಯವರು. ಅಲ್ಲಿಯವರೆಗೆ ಮೆಟ್ಟಿಲಲ್ಲಿ ಸಿಕ್ಕಾಗ ನಗುವಷ್ಟೇ ಪರಿಚಯ. ಡಿಸ್ಚಾರ್ಜ್ ಆಗಿ ಬಂದ ದಿನ ಬಾಗಿಲಿಗೆ ಬಂದು, "ನಾಳಿಂದ ಮುಂಜಾನೆ ನಿನ್ನ ಹಾಲಿನ ಪಾಕೀಟ್ ನಾನೇ ತರ್ತೀನಿ, ಬಾಗಿಲ ಮುಂದ ಇಡ್ತೀನಿ, ನೀ ಇಳೀಬ್ಯಾಡ" ಅಂದರು. ಕೇಳಲಿಲ್ಲ, ಹೇಳಿದರು. ಮಧ್ಯಾಹ್ನ ಸ್ಟೀಲ್ ಡಬ್ಬಿಯಲ್ಲಿ ತಿಳಿಸಾರು ತಂದು ಬಾಗಿಲ ಹಿಡಿಗೆ ಚೀಲ ಸಿಕ್ಕಿಸಿ, ಬೆಲ್ ಒತ್ತಿ ಇಳಿದುಬಿಡುತ್ತಿದ್ದರು. ನಾನು ಎದ್ದು ಬಾಗಿಲು ತೆರೆಯುವ ಹೊತ್ತಿಗೆ ಅವರ ಬಳೆ ಸದ್ದು ಕೆಳಗಿನ ಮೆಟ್ಟಿಲಲ್ಲಿ. ಮಾತಾಡಿಸುವ ಕಷ್ಟವನ್ನೂ ನನಗೆ ಕೊಡಲಿಲ್ಲ ಆ ಪುಣ್ಯಾತ್ಗಿತ್ತಿ.

"ಏನಾದ್ರೂ ಬೇಕಾದ್ರೆ ಹೇಳು" ಅಂದವರು ತುಂಬಾ ಜನ. ಅವರದ್ದೂ ಒಳ್ಳೆಯ ಮನಸ್ಸೇ. ಆದರೆ ಮೈಯಲ್ಲಿ ಶಕ್ತಿ ಇಲ್ಲದಾಗ ಏನು ಬೇಕು ಅಂತ ಯೋಚಿಸಿ, ಯಾರನ್ನು ಕೇಳಬಹುದು ಅಂತ ಲೆಕ್ಕ ಹಾಕಿ, ಸಂಕೋಚ ಬಿಟ್ಟು ಕೇಳುವುದೇ ದೊಡ್ಡ ಕೆಲಸ. ನಿಮಗೆ ಗೊತ್ತಿರುವ ಯಾರಾದರೂ ಹೀಗೆ ಮನೆಯಲ್ಲಿದ್ದರೆ "ಸಂಜೆ ಆರಕ್ಕೆ ಎಳನೀರು ತಂದಿಡ್ತೀನಿ", "ಶನಿವಾರ ಬಂದು ಪಾತ್ರೆ ತೊಳೆದು ಹೋಗ್ತೀನಿ" ಅಂತ ಹೇಳಿ. ಬೇಡ ಅನ್ನುವುದು ಸುಲಭ, ಕೇಳುವುದೇ ಕಷ್ಟ.

ಹಬ್ಬದ ರಾತ್ರಿ ಆ್ಯಪ್‌ನಲ್ಲಿ ಒಆರ್‌ಎಸ್, ಹಣ್ಣು ತರಿಸಿದ್ದೆ. ತಂದ ಹುಡುಗ ನನ್ನ ಮುಖ ನೋಡಿ "ಹುಷಾರಿಲ್ವಾ ಅಕ್ಕಾ?" ಅಂದ. ಡೆಂಗ್ಯೂ ಅಂದೆ. "ನಂಗೂ ಆಗಿತ್ತು. ಜ್ವರ ಬಿಟ್ಟ ಮೂರನೇ ದಿನಕ್ಕೆ ಗಾಡಿ ಹತ್ತಿದೆ, ಇಲ್ಲಾಂದ್ರೆ ಬಾಡಿಗೆ ಯಾರು ಕಟ್ತಾರೆ" ಅಂದ. ಗೋಡೆ ಹಿಡಿದು ನಿಂತಿದ್ದ ನನಗೆ ಆ ಮಾತು ಹೊಟ್ಟೆಗೆ ಹೋಗಿ ನಾಟಿತು. ಇವನು ಆ ಸುಸ್ತಿನಲ್ಲಿ ಎಷ್ಟು ಮಹಡಿ ಹತ್ತಿರಬೇಕು.

ಅಂಗಡಿ, ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವರ್ಷಕ್ಕೆ 12 ದಿನ ಸಂಬಳ ಸಹಿತ ಕಾಯಿಲೆ ರಜೆ ಇದೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವವರಿಗೆ ಡಾಕ್ಟರ ಸರ್ಟಿಫಿಕೇಟ್ ಕೊಟ್ಟರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70ರಷ್ಟು ಸಿಗುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಕೇಳಿ ಪಡೆಯಿರಿ. ಆ ಹುಡುಗನಿಗೆ, ಮನೆಗೆಲಸದ ಅಕ್ಕಂದಿರಿಗೆ ಇಂಥ ರಜೆ ಯಾರು ಕೊಡುತ್ತಾರೆ? ನಿಮ್ಮ ಮನೆ ಕೆಲಸದವರಿಗೆ ಜ್ವರ ಬಂದರೆ ಸಂಬಳ ಹಿಡಿಯಬೇಡಿ. ಜ್ವರ ಬಿಟ್ಟ ಮೇಲೂ ಒಂದು ವಾರ ಬರಬೇಡ ಅನ್ನಿ. ಸರ್ಕಾರ ಮಾಡಬೇಕಾದದ್ದು ಬೇಕಾದಷ್ಟಿದೆ, ಆದರೆ ಇಷ್ಟನ್ನು ನಾವು ಇವತ್ತೇ ಮಾಡಬಹುದು.

ನನಗೆ 12 ದಿನದ್ದೂ ಸಾಲಲಿಲ್ಲ. ಹಬ್ಬದ ರಜೆಯನ್ನೂ ಹಾಸಿಗೆಯಲ್ಲೇ ಕಳೆದೆ. ಆಫೀಸಿಗೆ ಲಾಗಿನ್ ಆದ ದಿನ ಒಬ್ಬರು, "ಹಬ್ಬ ಎಲ್ಲ ಸೇರಿ ಒಳ್ಳೇ ರೆಸ್ಟ್ ಆಯ್ತಲ್ಲ" ಅಂದರು. ಸಿಟ್ಟು ಬಂತು. ಹಬ್ಬ ಬಿಟ್ಟು ಮಲಗುವುದನ್ನು ಯಾರೂ ಇಷ್ಟಪಟ್ಟು ಆರಿಸಿಕೊಳ್ಳುವುದಿಲ್ಲ. ಅದು ವಿರಾಮವೂ ಅಲ್ಲ, ನೀವು ಅಂದುಕೊಂಡಂತೆ "ಪಾಪ"ವೂ ಅಲ್ಲ. ಆ ಹೊತ್ತಿಗೆ ಮೈ ಕೇಳಿದ್ದು ಅದು, ಕೊಟ್ಟೆ. ಮುಂದಿನ ಸಲ ಯಾರಾದರೂ "ಹುಷಾರಿಲ್ಲ, ಈ ಹಬ್ಬಕ್ಕೆ ಬರಲ್ಲ" ಅಂದರೆ ಒತ್ತಾಯ ಮಾಡಬೇಡಿ, ಅಳುಮೋರೆ ಮಾಡಬೇಡಿ. "ಆಯ್ತು, ಮಲಗು, ನಿನ್ನ ಪಾಲಿನ ಹೋಳಿಗೆ ಎತ್ತಿಡ್ತೀವಿ" ಅನ್ನಿ.

ಉತ್ಥಾನ ದ್ವಾದಶಿಗೆ ಊರಿಗೆ ಹೋಗುತ್ತಿದ್ದೇನೆ. ತುಳಸಿ ಕಟ್ಟೆಗೆ ನೆಲ್ಲಿ ಕೊಂಬೆ ನೆಟ್ಟು ದೀಪ ಹಚ್ಚುವುದಕ್ಕೆ ಇರುತ್ತೇನೆ. ರಾತ್ರಿ ಬಸ್ಸು ಬೇಡ ಅಂತ ಶಿವಮೊಗ್ಗದವರೆಗೆ ಹಗಲಿನ ರೈಲಿಗೇ ಟಿಕೆಟ್ ಮಾಡಿದ್ದೇನೆ, ಅಲ್ಲಿಗೆ ತಮ್ಮ ಬರುತ್ತಾನೆ. ಅಮ್ಮನಿಗೆ ಈಗಲೇ ಹೇಳಿಟ್ಟಿದ್ದೇನೆ, ಮಧ್ಯಾಹ್ನ ಊಟ ಆದ ಕೂಡಲೇ ಮಲಗುತ್ತೇನೆ, ಯಾರು ಬಂದರೂ ಎಬ್ಬಿಸಬಾರದು ಅಂತ. "ಬಾಗಿಲು ಹಾಕ್ಕಂಡು ಮಲ್ಕ, ಬಂದವ್ರಿಗೆ ನಾ ಹೇಳ್ಕತ್ತಿ" ಅಂದಳು.